ಗೀಟು ಎಣಿಸಿದ ಲೆಕ್ಕದ ಮೇಷ್ಟ್ರು

ನಮ್ಮ ಶಾಲೆಯಲ್ಲಿ ಎಲ್ಲರೂ ಅವರನ್ನು ಲೆಕ್ಕದ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಇಲ್ಲಿಯೂ ಹಾಗೇ ಇರಲಿ. ಹೆಸರು ಹಿಡಿದು ಬರೆಯುವುದು ಅವರಿಗೆ ಸೇರುತ್ತಿರಲಿಲ್ಲ. ಶಾಲೆಯ ವಾರ್ಷಿಕೋತ್ಸವದಲ್ಲಿ ಯಾರಾದರೂ ವೇದಿಕೆಯ ಮೇಲಿಂದ ತಮ್ಮ ಹೆಸರು ಹೇಳಿದರೆ ಕುರ್ಚಿಯಲ್ಲೇ ಮುದುಡಿಕೊಳ್ಳುವ ಮನುಷ್ಯ ಅವರು.

ಎತ್ತರದ ಆಳು, ತುಸು ಬಾಗಿದ ಬೆನ್ನು, ಬೇಸಿಗೆಯಲ್ಲೂ ಬಿಚ್ಚದ ಕಂದು ಕೋಟು. ಎಡಗಿವಿ ಮಂದ. ಹಾಗಾಗಿ ಯಾರು ಮಾತಾಡಿದರೂ ತಲೆ ವಾಲಿಸಿ, ಬಲಗಿವಿ ಮುಂದೆ ಮಾಡಿ ಕೇಳುತ್ತಿದ್ದರು. ಅದರಿಂದ ಅವರು ಎದುರಿಗಿದ್ದವರ ಮಾತಿಗೆ ತುಂಬ ಬೆಲೆ ಕೊಡುತ್ತಾರೆಂದು ಜನಕ್ಕೆ ಅನ್ನಿಸುತ್ತಿತ್ತು. ಅನ್ನಿಸಿದ್ದು ಸುಳ್ಳೇನೂ ಅಲ್ಲ.

ನಾನು ಆ ಶಾಲೆಗೆ ಕನ್ನಡ ಪಂಡಿತನಾಗಿ ಸೇರಿದಾಗ ಯುದ್ಧ ಶುರುವಾಗಿತ್ತು. ಬೆಂಗಳೂರಿನ ದಂಡಿನ ಪ್ರದೇಶದಲ್ಲಿ ಕನ್ನಡ ಪಂಡಿತನೆಂದರೆ ಮದುವೆ ಮನೆಯಲ್ಲಿ ಗುರುತಿಲ್ಲದ ನೆಂಟನ ಹಾಗೆ. ಹುಡುಗರು ತಮಿಳು ಮಾತಾಡುತ್ತಿದ್ದರು, ಉರ್ದು ಮಾತಾಡುತ್ತಿದ್ದರು, ನನ್ನ ಪಾಠದ ಹೊತ್ತಿಗೆ ನಿದ್ದೆ ಮಾಡುತ್ತಿದ್ದರು. ಮೊದಲ ವಾರವೇ ಲೆಕ್ಕದ ಮೇಷ್ಟ್ರು ನನ್ನನ್ನು ಹಲಸೂರಿನ ತಮ್ಮ ಮನೆಗೆ ಕರೆದರು. ಅಲ್ಲಿ ಅವರೂ ವಿಧವೆಯಾದ ಅವರ ಅಕ್ಕನೂ ಇಬ್ಬರೇ. ಗೂಡಿನಲ್ಲಿ ಒಂದು ಸಣ್ಣ ಬುದ್ಧನ ಮೂರ್ತಿ, ಮುಂದೆ ದೀಪ. ಅವರ ತಂದೆ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದಾಗ ಬೌದ್ಧರಾದವರಂತೆ. ಅದಕ್ಕೂ ಮುಂಚೆ ಅವರ ಮನೆತನವನ್ನು ಊರು ಎಲ್ಲಿ ಇಟ್ಟಿತ್ತೆಂಬುದನ್ನು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಅಕ್ಕ ಒಂದು ಎಳನೀರು ತಂದು, ಕೆತ್ತದೆ, ಕತ್ತಿಯ ಸಮೇತ ನನ್ನ ಮುಂದಿಟ್ಟರು. ನನ್ನ ಜನಿವಾರಕ್ಕೆ ತೊಂದರೆಯಾಗದಿರಲಿ ಎಂಬ ಏರ್ಪಾಡು ಅದು.

"ಅಕ್ಕಾ, ಕಾಫಿ ಇಲ್ವಾ?" ಎಂದೆ.

ಆಕೆ ತಮ್ಮನ ಮುಖ ನೋಡಿದರು. ಮೇಷ್ಟ್ರು ನಕ್ಕುಬಿಟ್ಟರು. ಅವರು ಬಾಯಿಬಿಟ್ಟು ನಕ್ಕಿದ್ದನ್ನು ನಾನು ನೋಡಿರುವುದು ಕಡಿಮೆ.

ಅವರ ಬಾಯಲ್ಲಿ ಪದೇ ಪದೇ ಬರುತ್ತಿದ್ದ ಮಾತು, "ಚೀಟಿಗೆ ಜಾತಿ ಇಲ್ಲ, ಪಂಡಿತ್ರೇ." ಅದರ ಹಿಂದೆ ಒಂದು ಕಥೆ ಇತ್ತು. ಅವರ ತಾತನ ಕಾಲದಲ್ಲಿ ಊರಿನ ಪಂಚಾಯ್ತಿ ಸೇರಿದರೆ ಇವರ ಕಡೆಯವರು ಮರದಿಂದಾಚೆ ಬಿಸಿಲಲ್ಲಿ ನಿಲ್ಲಬೇಕಿತ್ತಂತೆ. ಒಳಗಿದ್ದವರಲ್ಲಿ ಒಬ್ಬ, 'ಅವರದೂ ಒಪ್ಪಿಗೆ ಇದೆ' ಎಂದು ಇವರ ಪರವಾಗಿ ಹೇಳಿಬಿಡುತ್ತಿದ್ದನಂತೆ. ಯಾವುದಕ್ಕೆ ಒಪ್ಪಿಗೆ ಎಂದು ಇವರಿಗೆ ತಿಳಿಯುತ್ತಿದ್ದದ್ದು ಮಾರನೆಯ ದಿನ. ಅದಕ್ಕೇ ಮೇಷ್ಟ್ರಿಗೆ ಚೀಟಿಯ ಮೇಲೆ ಅಷ್ಟು ಭಕ್ತಿ. ಹಿಂದೆ ಭಿಕ್ಷುಗಳಲ್ಲಿ ಭಿನ್ನಮತ ಬಂದಾಗ ಒಬ್ಬೊಬ್ಬರೂ ಒಂದೊಂದು ಕಡ್ಡಿ ಎತ್ತಿಕೊಂಡು, ಕಡ್ಡಿ ಎಣಿಸಿ ತೀರ್ಮಾನ ಮಾಡುತ್ತಿದ್ದರೆಂದು ಹೇಳುವಾಗ ಅವರ ದನಿಯಲ್ಲಿ ಹೆಮ್ಮೆ ಇರುತ್ತಿತ್ತು. "ದೊಡ್ಡ ಭಿಕ್ಷುಗೆ ದೊಡ್ಡ ಕಡ್ಡಿ ಕೊಡ್ತಿರ್ಲಿಲ್ಲ, ನೋಡಿ!"

ಅವರ ತರಗತಿಯಲ್ಲಿ ಮಾನಿಟರನ್ನು ಆರಿಸುವುದೂ ಚೀಟಿಯಿಂದಲೇ. ಒಂದು ವರ್ಷ ಹುಡುಗರಿಗೆ ಇಷ್ಟವಾದ ಇಬ್ಬರು ಒಳ್ಳೆಯ ಹುಡುಗಿಯರು ನಿಂತು, ಅವರಿಗೆ ಬರುವ ಚೀಟಿಗಳು ಎರಡು ಪಾಲಾಗಿ, ಎಲ್ಲರನ್ನೂ ಗುದ್ದುತ್ತಿದ್ದ ಒಬ್ಬ ದಾಂಡಿಗ ಗೆದ್ದುಬಿಟ್ಟ. ಮೇಷ್ಟ್ರು ಆ ವಾರವೆಲ್ಲ ತಲೆ ಕೆಡಿಸಿಕೊಂಡು ಹೊಸ ಕ್ರಮ ತಂದರು. ಚೀಟಿಯಲ್ಲಿ ನಿಂತವರೆಲ್ಲರ ಹೆಸರೂ ಇರುತ್ತದೆ. ಎಲ್ಲರಿಗಿಂತ ಇಷ್ಟವಾದವರ ಮುಂದೆ ಒಂದು ಗೀಟು, ಆಮೇಲಿನವರಿಗೆ ಎರಡು, ಬೇಡವಾದವರಿಗೆ ಮೂರು. ಕೊನೆಗೆ ಯಾರ ಹೆಸರಿಗೆ ಅತಿ ಕಡಿಮೆ ಗೀಟು ಬಿದ್ದಿದೆಯೋ ಅವರಿಗೆ ಗೆಲುವು. ದಾಂಡಿಗ ಸೋತ. ಹೆಡ್‌ಮಾಸ್ಟರ್ ಬೆನ್ನು ತಟ್ಟಿದರು. ಶಾಲೆಯ ಕಮಿಟಿಯವರ ಕಿವಿಗೂ ಈ ಸುದ್ದಿ ಬಿತ್ತು.

ಅದು ಬೀಳದಿದ್ದರೆ ಚೆನ್ನಾಗಿತ್ತೇನೋ.

ಯುದ್ಧ ಜೋರಾದಾಗ ಗಾಯಗೊಂಡ ಸಿಪಾಯಿಗಳನ್ನು ಇಡಲು ಬೇಕೆಂದು ಮಿಲಿಟರಿಯವರು ನಮ್ಮ ಶಾಲೆಯ ಕಟ್ಟಡವನ್ನು ಕೇಳಿದರು; ಬಿಟ್ಟುಕೊಡಲು ಒಂದು ತಿಂಗಳ ಗಡುವು. ಕಮಿಟಿ ಹುಡುಕಿ ಮೂರು ಜಾಗ ಗೊತ್ತುಮಾಡಿತು. ಒಂದು, ಹಲಸೂರು ಕೆರೆಯ ಪಕ್ಕದ ಹಳೇ ಮರದ ಡಿಪೋ. ಇನ್ನೊಂದು, ಕಮರ್ಷಿಯಲ್ ಸ್ಟ್ರೀಟಿನ ಹಿಂದೆ ಬಟ್ಟೆ ವ್ಯಾಪಾರಿಯೊಬ್ಬರ ಗೋಡೌನು. ಮೂರನೆಯದು ಕೃಷ್ಣರಾಜಪುರದ ದಾರಿಯಲ್ಲಿ ಹೊಲಗಳ ಮಧ್ಯದ ಒಂದು ಪಾಳು ಬಂಗಲೆ. ಯಾವುದು ಬೇಕೆಂದು ಮಕ್ಕಳ ತಂದೆತಾಯಿಗಳನ್ನೇ ಕೇಳೋಣ, ಲೆಕ್ಕದ ಮೇಷ್ಟ್ರ ಗೀಟಿನ ಕ್ರಮದಲ್ಲೇ ಕೇಳೋಣ ಎಂದು ತೀರ್ಮಾನವಾಯಿತು.

ಮೇಷ್ಟ್ರಿಗೆ ಹಬ್ಬ. ಓದು ಬಾರದವರಿಗೆ ತಿಳಿಯಲೆಂದು ಒಂದೊಂದು ಚೀಟಿಯ ಮೇಲೂ ಕೈಯಾರೆ ಚಿತ್ರ ಬರೆದರು. ಡಿಪೋಗೆ ಮರದ ದಿಮ್ಮಿ, ಗೋಡೌನಿಗೆ ಬಟ್ಟೆಯ ಥಾನು, ಬಂಗಲೆಗೆ ಎತ್ತಿನ ಗಾಡಿ. ಭಾನುವಾರ ಶಾಲೆಯ ಜಗಲಿಯಲ್ಲಿ ಪೆನ್ಸಿಲು ಕಟ್ಟಿಟ್ಟು, ಬಂದವರಿಗೆಲ್ಲ ಕನ್ನಡ, ತಮಿಳು, ಉರ್ದು ಮೂರರಲ್ಲೂ ವಿವರಿಸುತ್ತ ಕೂತರು. ನಾನೂ ಪಕ್ಕದಲ್ಲಿದ್ದೆ. ಕೋಟು ಹಾಕಿದ ವ್ಯಾಪಾರಿ ಬಂದ, ಟೈಲರು ಬಂದ, ಬಟ್ಲರು ಬಂದ, ಬುರ್ಖಾ ಹಾಕಿದ ತಾಯಂದಿರು ಬಂದರು. ಎಲ್ಲರಿಗೂ ಒಂದೇ ಚೀಟಿ, ಒಂದೇ ಪೆನ್ಸಿಲು. ಮೇಷ್ಟ್ರ ಮುಖ ಬೆಳಗುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ, ಸೋಲ್ಜರುಗಳಿರುವ ಬಾರಿಕ್ಸ್ ಆಚೆಯ ಕೇರಿಯ ಒಬ್ಬ ಹೆಂಗಸು ಬಂದಳು. ಮಿಲಿಟರಿ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವವಳು. ಅವಳ ಮಗಳು ನಮ್ಮಲ್ಲಿ ಓದುತ್ತಿದ್ದಳು. ಜಾಣೆ ಎಂದೇನೂ ಅಲ್ಲ, ಆದರೆ ಮಗ್ಗಿ ಹೇಳುವಾಗ ಇಡೀ ತರಗತಿಯ ದನಿಯ ಮೇಲೆ ಅವಳ ದನಿ ಕೇಳುತ್ತಿತ್ತು. ತಾಯಿ ದಿಮ್ಮಿಯ ಮುಂದೆ ಒಂದು ಗೀಟು ಹಾಕಿದಳು, ಗಾಡಿಯ ಮುಂದೆ ಎರಡು. ಬಟ್ಟೆಯ ಥಾನಿನ ಮುಂದೆ ಮೂರು ಹಾಕಿ ನಿಲ್ಲಿಸಲಿಲ್ಲ. ನಾಲ್ಕು, ಐದು, ಆರು ಎಂದು ಕಾಗದದ ಅಂಚಿನವರೆಗೂ ಎಳೆಯುತ್ತಲೇ ಹೋದಳು.

ಮೇಷ್ಟ್ರು ಮೆಲ್ಲಗೆ ಅವಳ ಕೈ ತಡೆದರು. "ಮೂರೇ ಗೀಟಮ್ಮ. ಮೂರಕ್ಕಿಂತ ಜಾಸ್ತಿ ಇಲ್ಲ."

"ಬೇಡವೇ ಬೇಡ ಅಂತ ಇದ್ರೆ ಸಾರ್?"

"ಆಗ್ಲೂ ಮೂರೇ."

"ಎಲ್ರಿಗೂ ಮೂರೇನಾ?"

"ಎಲ್ರಿಗೂ ಮೂರೇ. ಸೇಠ್‌ಗೂ ಮೂರೇ, ನಿಂಗೂ ಮೂರೇ."

ಅವಳು ಪೆನ್ಸಿಲು ಕೆಳಗಿಟ್ಟಳು. ಮೇಷ್ಟ್ರು ರಬ್ಬರು ತೆಗೆದುಕೊಂಡು ಹೆಚ್ಚಿನ ಗೀಟುಗಳನ್ನೆಲ್ಲ ಉಜ್ಜಿ, ಪುಡಿಯನ್ನು ಊದಿ, ಚೀಟಿಯನ್ನು ಡಬ್ಬಿಗೆ ಹಾಕಿದರು. ಹಾಗೆ ಮಾಡದಿದ್ದರೆ ಆ ಚೀಟಿ ಕೆಟ್ಟುಹೋಗುತ್ತಿತ್ತು. ಅವಳಿಗೆ ಉಪಕಾರವೆಂದೇ ಅವರು ಅದನ್ನು ಮಾಡಿದ್ದು.

ಗೋಡೌನು ಗೆದ್ದಿತು, ಕೂದಲೆಳೆಯ ಅಂತರದಲ್ಲಿ. ಅಂದು ಸಂಜೆ ಕೆರೆಯ ಕಡೆ ನಡೆದು ಹೋಗುವಾಗ ಮೇಷ್ಟ್ರು ಹೇಳಿದರು: "ಆ ಯಮ್ಮ ಎಳೆದ ಗೀಟು ಅಷ್ಟೂ ಹಾಗೇ ಬಿಟ್ಟಿದ್ರೆ ಡಿಪೋನೇ ಬರ್ತಿತ್ತು ಪಂಡಿತ್ರೇ."

"ಬಿಟ್ಟಿದ್ರೆ ಎಲ್ರೂ ಎಳೀತಿದ್ರು," ಎಂದೆ.

"ಹೌದು. ಅದೂ ನಿಜ," ಎಂದರು.

ಗೋಡೌನಿನಲ್ಲಿ ಶಾಲೆ ಶುರುವಾಯಿತು. ಗಂಜಿ ಹಾಕಿದ ಹೊಸ ಬಟ್ಟೆಯ ವಾಸನೆ, ಒಂದೇ ಕಿಟಕಿ. ಸ್ವಲ್ಪ ದಿನದಲ್ಲೇ ಕೇರಿಯ ಹುಡುಗಿಯರು ಬರುವುದು ನಿಂತಿತು. ಅಲ್ಲಿನ ಹುಡುಗರು ಬರುತ್ತಿದ್ದರು, ಹುಡುಗಿಯರಿಲ್ಲ. ಮಗ್ಗಿ ಹೇಳಿಸುವಾಗ ಮೇಷ್ಟ್ರು ಅರ್ಧಕ್ಕೇ ನಿಲ್ಲಿಸಿ, ಬಲಗಿವಿ ತಿರುಗಿಸಿ ಏನನ್ನೋ ಹುಡುಕುವುದನ್ನು ನಾನು ತರಗತಿಗಳ ನಡುವೆ ಕಟ್ಟಿದ್ದ ಗೋಣಿಯ ತಡಿಕೆಯ ಈಚೆಯಿಂದ ನೋಡುತ್ತಿದ್ದೆ.

ಒಂದು ದಿನ ನನ್ನನ್ನೂ ಕರೆದುಕೊಂಡು ಕೇರಿಗೆ ಹೋದರು. ಆ ತಾಯಿ ಬಾಗಿಲಲ್ಲೇ ಇದ್ದಳು.

"ಯಾಕಮ್ಮ ಮಗೂನ ಕಳಿಸ್ತಿಲ್ಲ?"

"ಹೆಂಗೆ ಕಳ್ಸೋದು ಸಾರ್? ಡಿಪೋ ಆಗಿದ್ರೆ ಕೆರೆ ಪಕ್ಕ ನಮ್ಮ ಜನದ ನಡುವೆ ಹೋಗ್ಬರೋರು. ಈಗ ಬಾರಿಕ್ಸ್ ಮುಂದೆ ಹೋಗ್ಬೇಕು. ಸೋಲ್ಜರ್‌ಗಳು ಬೆಳಗ್ಗೇನೇ ಕುಡ್ಕೊಂಡು ನಿಂತಿರ್ತಾರೆ. ಮೊನ್ನೆ ನನ್ ಮಗಳ ಜಡೆ ಹಿಡಿದು ಎಳ್ದವ್ರೆ. ಅವರ ಬಟ್ಟೆ ಒಗೆಯೋಳು ನಾನು, ಅವ್ರು ಏನು ಅಂತ ನಂಗೊತ್ತು."

"ಚೀಟಿ ಹಾಕೋ ದಿನಾನೇ ಇದನ್ನ ಹೇಳ್ಬಾರ್ದಿತ್ತಾ?"

"ಹೇಳಿದ್ನಲ್ಲ ಸಾರ್," ಎಂದಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. "ನೀವೇ ಅಳಿಸಿದ್ರಿ."



ಮರಳುವಾಗ ಹಲಸೂರಿನಲ್ಲಿ ಪರಿಚಯದ ಒಬ್ಬ ಟೈಲರಿನ ಅಂಗಡಿ ಸಿಕ್ಕಿತು. ಅವನ ಮಗನೂ ನಮ್ಮಲ್ಲಿ ಓದುತ್ತಿದ್ದ. ಗುಟ್ಟಾಗಿ ಹಾಕಿದ ಚೀಟಿಯನ್ನು ಕೇಳಬಾರದೆಂಬುದು ಮೇಷ್ಟ್ರದೇ ನಿಯಮ. ಆ ದಿನ ಅದನ್ನು ಮುರಿದರು. "ಡಿಪೋ ನಿಮ್ಮನೆ ಪಕ್ಕದಲ್ಲೇ ಇತ್ತು. ನೀವು ಯಾವುದಕ್ಕೆ ಒಂದು ಗೀಟು ಹಾಕಿದ್ರಿ?"

"ಗೋಡೌನಿಗೆ ಹಾಕ್ದೆ ಮೇಷ್ಟ್ರೇ. ಮಗನ್ನ ಬಿಟ್ಟು ಬರೋವಾಗ ಹಂಗೇ ಮಾರ್ಕೆಟ್ಟಲ್ಲಿ ತರಕಾರಿ ತರಬಹುದು ಅಂತ ಹೆಂಗಸ್ರು ಅಂದ್ರು."

"ಡಿಪೋ ಆಗಿದ್ರೆ?"

"ಆಗಿದ್ರೂ ಆಗ್ತಿತ್ತು. ನಮಗೇನು, ಎರಡೂ ಒಂದೇ. ಏನೋ ಒಂದು ಹಾಕ್ಬೇಕಲ್ಲ ಅಂತ ಹಾಕ್ದೆ."

ಅಂಗಡಿಯಿಂದ ಇಳಿದ ಮೇಲೆ ಮೇಷ್ಟ್ರು ನನ್ನ ತೋಳು ಹಿಡಿದುಕೊಂಡರು. "ಈತನ ಒಂದಕ್ಕೂ ಎರಡಕ್ಕೂ ನಡುವೆ ಒಂದು ಹಿಡಿ ಸೊಪ್ಪು ಇದೆ. ಆ ಯಮ್ಮನ ಎರಡಕ್ಕೂ ಮೂರಕ್ಕೂ ನಡುವೆ ಮಗಳಿದಾಳೆ. ನಾನು ಎರಡನ್ನೂ ಒಂದೇ ಗೀಟು ಅಂತ ಕೂಡಿದೆ. ಲೆಕ್ಕದ ಮೇಷ್ಟ್ರಂತೆ ನಾನು!"

ಅಲ್ಲಿಂದ ಅವರಿಗೆ ನೆಮ್ಮದಿ ಇಲ್ಲ. ಮತ್ತೊಮ್ಮೆ ಮತ ಕೇಳಬೇಕೆಂದು ಕಮಿಟಿಯ ಹಿಂದೆ ಬಿದ್ದರು. ಈ ಸಲ ಗೀಟು ಬೇಡ. ಒಂದೊಂದು ಮನೆಗೂ ಹತ್ತು ಹುಣಸೆ ಬೀಜ; ಜಾಗಕ್ಕೊಂದರಂತೆ ಮೂರು ಮಡಕೆ. ಯಾವುದು ಎಷ್ಟು ಬೇಕೋ ಅಷ್ಟು ಬೀಜ ಹಾಕಲಿ. ಹತ್ತೂ ಒಂದಕ್ಕೇ ಹಾಕಬಹುದು, ಹಂಚಬಹುದು. "ಎರಡೂ ಒಂದೇ ಅನ್ನೋರು ಹಂಚ್ತಾರೆ. ಪ್ರಾಣ ಹೋಗೋಂಥೋರು ಪೂರ್ತಿ ಹಾಕ್ತಾರೆ. ಆಗ ತೂಕ ಗೊತ್ತಾಗುತ್ತೆ," ಎಂದು ನನಗೆ ವಿವರಿಸಿದರು. ಕಮಿಟಿಯ ಕಾರ್ಯದರ್ಶಿಯಾಗಿದ್ದ, ಪೆನ್ಷನ್ ಪಡೆದ ಗುಮಾಸ್ತರೊಬ್ಬರು ಹೆಡ್‌ಮಾಸ್ಟರ ದಾಕ್ಷಿಣ್ಯಕ್ಕೆ ಒಪ್ಪಿದರು.

ಅವತ್ತಿನದು ನೋಡಲಾರದ ನೋಟ. ಹಲಸೂರಿನವರು ಮೇಷ್ಟ್ರು ಹೇಳಿಕೊಟ್ಟ ಹಾಗೇ ಪ್ರಾಮಾಣಿಕವಾಗಿ ಐದು ಇಲ್ಲಿ, ಐದು ಅಲ್ಲಿ ಎಂದು ಹಂಚಿದರು. ಕೇರಿಯವರು ಹತ್ತನ್ನೂ ಡಿಪೋದ ಮಡಕೆಗೆ ಹಾಕಿದರು. ಆದರೆ ಕಮರ್ಷಿಯಲ್ ಸ್ಟ್ರೀಟಿನವರು ತಮ್ಮತಮ್ಮಲ್ಲೇ ಮಾತಾಡಿಕೊಂಡು ಬಂದಿದ್ದರು. ಅವರ ಸಂಖ್ಯೆಯೂ ಹೆಚ್ಚು. ಒಬ್ಬೊಬ್ಬರೂ ಬೀಜದ ಪೊಟ್ಟಣವನ್ನು ಬಿಚ್ಚದೆಯೇ ಗೋಡೌನಿನ ಮಡಕೆಗೆ ಎಸೆದರು.

ಮೇಷ್ಟ್ರು ಒಬ್ಬ ವ್ಯಾಪಾರಿಯನ್ನು ಕೇಳಿಯೇಬಿಟ್ಟರು. "ನಿಜವಾಗ್ಲೂ ನಿಮಗೆ ಅಷ್ಟೊಂದು ಬೇಕಾ ಸಾಹೇಬ್ರೇ? ಡಿಪೋ ಆದ್ರೆ ನಿಮ್ಮ ಮಕ್ಳು ಬರೋಲ್ವಾ?"

"ಬರ್ತಾರೆ, ಯಾಕೆ ಬರೋಲ್ಲ. ಜಟಕಾ ಇದೆ. ಆದ್ರೆ ಹತ್ತು ಹಾಕಬಹುದು ಅಂತ ನೀವೇ ಹೇಳಿದ್ರಲ್ಲ? ಎಂಟು ಯಾಕೆ ಹಾಕ್ಲಿ?"

ಅವನ ಮಾತಿನಲ್ಲಿ ಕೇಡು ಇರಲಿಲ್ಲ. ಸೋಲುವುದಕ್ಕೆಂದು ಯಾರು ಆಟಕ್ಕೆ ಕೂರುತ್ತಾರೆ? ಗೋಡೌನು ಈ ಸಲ ಭಾರಿ ಅಂತರದಲ್ಲಿ ಗೆದ್ದಿತು. ನಿಜ ಹೇಳಿದವರ ಬೀಜ ಸೋತವು. ಮೇಷ್ಟ್ರು ಮಡಕೆಗಳ ಮುಂದೆ ಕೂತೇ ಇದ್ದರು. ಕಾರ್ಯದರ್ಶಿಗಳು ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಏನ್ ಮೇಷ್ಟ್ರೇ, ನಿಮ್ಮ ಜನ ಗೆಲ್ಲೋ ತನಕ ವೋಟು ಹಾಕಿಸ್ತಾನೇ ಇರ್ತೀರೋ?"

'ನಿಮ್ಮ ಜನ'. ಅಷ್ಟು ವರ್ಷದಲ್ಲಿ ಆ ಶಾಲೆಯಲ್ಲಿ ಯಾರೂ ಅವರ ಮುಂದೆ ಆಡದ ಮಾತು. ನಾನು ಎದ್ದು ಏನೋ ಹೇಳಹೋದೆ. ಮೇಷ್ಟ್ರು ಬೇಡವೆಂದು ಕೈ ಆಡಿಸಿ, ಬಗ್ಗಿ ಮಡಕೆಗಳನ್ನು ಒಂದರೊಳಗೊಂದು ಜೋಡಿಸತೊಡಗಿದರು.

ಮಾರನೆಯ ಸೋಮವಾರದಿಂದ ಅವರು ಲೆಕ್ಕ ಬಿಟ್ಟು ಕಾಲನ್ನು ನಂಬಿದರು. ಬೆಳಗ್ಗೆ ಬೇಗ ಎದ್ದು ಕೇರಿಗೆ ಹೋಗಿ, ಕಳಿಸಲು ಒಪ್ಪಿದ ಮನೆಗಳ ಹುಡುಗಿಯರನ್ನು ಕರೆದುಕೊಂಡು, ತಾವು ರಸ್ತೆಯ ಕಡೆ, ಅವರು ಗೋಡೆಯ ಕಡೆ, ಹೀಗೆ ಬಾರಿಕ್ಸ್ ದಾಟಿಸಿ ಶಾಲೆಗೆ ತರುತ್ತಿದ್ದರು. ಸಂಜೆ ಹಾಗೇ ಬಿಟ್ಟುಬರುತ್ತಿದ್ದರು. ಎಷ್ಟೋ ಸಲ ನಾನೂ ಜೊತೆಗೆ ಹೋದದ್ದುಂಟು. ದಾರಿಯುದ್ದಕ್ಕೂ ಹುಡುಗಿಯರಿಂದ ಮಗ್ಗಿ ಹೇಳಿಸುತ್ತಿದ್ದರು, ಜೋರಾಗಿ. ಬಟ್ಟೆ ಒಗೆಯುವವಳ ಮಗಳೂ ಬಂದಳು. ಹದಿಮೂರರ ಮಗ್ಗಿ ಬಾರಿಕ್ಸ್ ಗೋಡೆಗೆ ತಾಗಿ ಮರಳುತ್ತಿತ್ತು. ಆ ಕೆಲವು ವಾರಗಳಲ್ಲಿ ಮೇಷ್ಟ್ರ ಬೆನ್ನು ಕೊಂಚ ನೆಟ್ಟಗಾದ ಹಾಗೆ ನನಗೆ ಕಂಡಿತ್ತು.

ನಾನಿಲ್ಲದ ಒಂದು ಸಂಜೆ ಹೆಂಡದಂಗಡಿಯ ಮುಂದೆ ಇಬ್ಬರು ಸೋಲ್ಜರುಗಳು ಅಡ್ಡ ನಿಂತರು. ಅವರಲ್ಲೊಬ್ಬ ಒಂದು ಹುಡುಗಿಯ ಕೈ ಹಿಡಿದ. ಮೇಷ್ಟ್ರು ನಡುವೆ ಹೋದರು. ಹುಡುಗಿಯರು ಓಡಿ ಮನೆ ಸೇರಿದರು, ಅಷ್ಟು ಪುಣ್ಯ. ಮೇಷ್ಟ್ರನ್ನು ಅವರು ನೆಲಕ್ಕೆ ಕೆಡವಿ ಒದ್ದರು. ಕನ್ನಡಕ ಒಡೆಯಿತು, ತುಟಿ ಸೀಳಿತು, ಚೆನ್ನಾಗಿದ್ದ ಬಲಗಿವಿಯಲ್ಲೂ ಆ ದಿನದಿಂದ ಗುಂಯ್‌ಗುಡುವ ಸದ್ದು ಸೇರಿಕೊಂಡಿತು. ದೂರು ಕೊಡೋಣವೆಂದು ನಾನು ಕುಣಿದೆ. "ಯಾರ ಮೇಲೆ? ನಂಗೆ ಕನ್ನಡಕ ಇಲ್ದೆ ಮುಖ ಕಾಣಿಸ್ಲಿಲ್ಲ," ಎಂದರು.

ವಾಸಿಯಾಗುವ ಮೊದಲೇ ಮತ್ತೆ ಕೇರಿಗೆ ಹೋದರು. ಅವರ ಊದಿದ ಮುಖ ನೋಡಿ ಆ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಬೇಡ ಸಾರ್. ನಿಮಗೇ ಹಿಂಗಾದ್ರೆ ನಮ್ಮ ಮಕ್ಳ ಗತಿ ಏನು? ಇನ್ ಬರ್ಬೇಡಿ ಸಾರ್. ಕೈ ಮುಗೀತೀನಿ."

ಅಲ್ಲಿಗೆ ಮುಗಿಯಿತು. ಮುಂದಿನ ಬೇಸಿಗೆಯಲ್ಲಿ ಆ ಹುಡುಗಿಯನ್ನು ಚಿನ್ನದ ಗಣಿಯ ಕಡೆ ಒಬ್ಬ ಎರಡನೆಯ ಸಂಬಂಧದವನಿಗೆ ಕೊಟ್ಟರು. ಮದುವೆಗೆ ಮೇಷ್ಟ್ರನ್ನು ಕರೆದಿದ್ದರು. ಹೋಗಿ ಊಟ ಮಾಡಿ, ಮುಯ್ಯಿ ಮಾಡಿ ಬಂದರು. ಹೇಗಿದ್ದಳು ಎಂದು ಕೇಳಿದೆ. "ತಲೆ ಎತ್ತಲಿಲ್ಲ. ಮದುವೆ ಹೆಣ್ಣಲ್ವಾ," ಎಂದರು.

ಯುದ್ಧ ಮುಗಿದು ಮಿಲಿಟರಿಯವರು ಕಟ್ಟಡ ಬಿಟ್ಟುಕೊಟ್ಟರು. ಶಾಲೆ ಹಳೆಯ ಜಾಗಕ್ಕೆ ಮರಳಿತು. ಬೆಂಚುಗಳು ಮರಳಿದವು, ಗಂಟೆ ಮರಳಿತು. ಆ ಹುಡುಗಿಯರು ಯಾರೂ ಮರಳಲಿಲ್ಲ. ಮರಳುವ ವಯಸ್ಸು ದಾಟಿತ್ತು. ಮೇಷ್ಟ್ರು ಪಾಠ ಮಾಡುತ್ತಿದ್ದರು, ಹುಡುಗರನ್ನು ಪಾಸು ಮಾಡಿಸುತ್ತಿದ್ದರು. ಮಾನಿಟರನ್ನು ಮಾತ್ರ ಹೆಡ್‌ಮಾಸ್ಟರೇ ಗೊತ್ತುಮಾಡಲಿ ಎಂದು ಬಿಟ್ಟುಬಿಟ್ಟರು. ಕಿವಿ ಇನ್ನಷ್ಟು ಮಂದವಾಯಿತು. ಆಮೇಲೆ ಎದೆನೋವು ಬಂತು.

ದೇಶಕ್ಕೆ ಸ್ವಾತಂತ್ರ್ಯ ಬಂದು, ಬಡವ ಬಲ್ಲಿದ ಎನ್ನದೆ ಎಲ್ಲರಿಗೂ ವೋಟು ಕೊಡುತ್ತಾರೆಂಬ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ನಾನು ಅದನ್ನು ಹಿಡಿದುಕೊಂಡು ಅವರ ಮನೆಗೆ ಓಡಿದೆ. ಹಾಸಿಗೆ ಹಿಡಿದಿದ್ದರು. ಕಿವಿಯ ಹತ್ತಿರ ಕೂಗಿ ಓದಿದೆ. ಅವರ ಕಣ್ಣು ತುಂಬಿದವು.

"ಬರ್ಲಿ ಪಂಡಿತ್ರೇ. ಬರ್ಲೇಬೇಕು. ನಮ್ ತಾತ ಬಿಸಿಲಲ್ಲಿ ನಿಂತೋರು." ಪತ್ರಿಕೆಯನ್ನು ಮಡಿಸಿ ದಿಂಬಿನ ಕೆಳಗಿಟ್ಟರು. "ಚೀಟಿ ಹಾಕೋ ಮುಂಚೆ ಒಬ್ಬರ ಮನೆಗೊಬ್ಬರು ಹೋಗಿ, ಇದು ಆಗದಿದ್ರೆ ನಿಂಗೇನಾಗುತ್ತೆ ಅಂತ ಕೇಳ್ಕೊಂಡು ಬರ್ಬೇಕು. ನಾನು ಚೀಟಿ ಹಾಕಿಸಿದ್ಮೇಲೆ ಹೋದೆ."

ಕಳೆದ ತಿಂಗಳು ಅವರು ತೀರಿಕೊಂಡ ಸುದ್ದಿ ಶಾಲೆಗೆ ಬಂದಾಗ ಎರಡನೆಯ ಪಾಠ ನಡೆಯುತ್ತಿತ್ತು. ಹೆಡ್‌ಮಾಸ್ಟರು ನಮ್ಮನ್ನೆಲ್ಲ ಕರೆದು, ರಜೆ ಕೊಡೋಣವೇ ಎಂದು ಕೇಳಿದರು. ಕೊಡಬಹುದು ಎಂದರು ಕೆಲವರು. ಪರೀಕ್ಷೆ ಹತ್ತಿರ ಇದೆ ಎಂದರು ಕೆಲವರು. ಬೇಡವೆಂದು ಗಟ್ಟಿಯಾಗಿ ಹೇಳಿದವರಿಲ್ಲ, ಬೇಕೇ ಬೇಕೆಂದು ಗಟ್ಟಿಯಾಗಿ ಹೇಳಿದವನು ನಾನೊಬ್ಬ. ಮಧ್ಯಾಹ್ನದ ಮೇಲೆ ಅರ್ಧ ದಿನ ರಜೆ ಎಂದು ತೀರ್ಮಾನವಾಯಿತು. ನಾನು ಮಧ್ಯಾಹ್ನದವರೆಗೆ ಕಾಯದೆ ಹೊರಟೆ.

ಮನೆ ತಲುಪುವ ಹೊತ್ತಿಗೆ ಬಾಗಿಲಲ್ಲಿ ನೀರು ಹಾಕಿ ಆಗಿತ್ತು. "ಈಗ್ ತಾನೇ ಎತ್ತಿದ್ರು," ಎಂದರು ಅಕ್ಕ. ಓಡಿದೆ. ಕೆರೆಯ ಏರಿಯ ಮೇಲೆ ಸಿಕ್ಕಿದರು. ಹೊತ್ತವರೆಲ್ಲ ಕೇರಿಯ ಗಂಡಸರು. ಹಿಂದೆ ಒಂದು ಸಣ್ಣ ಗುಂಪು. ಅದರಲ್ಲಿ ಶಾಲೆಯವರು ಯಾರೂ ಇರಲಿಲ್ಲ. ನಾನು ಅಂಗಿ ಕಳಚಿ, ಪಂಚೆ ಎತ್ತಿ ಕಟ್ಟಿಕೊಂಡು ಮುಂದೆ ಹೋಗಿ ಹೆಗಲು ಕೊಡಲು ನಿಂತೆ. ಹೊತ್ತಿದ್ದ ಯುವಕ ನನ್ನ ಎದೆಯ ಮೇಲಿನ ಜನಿವಾರವನ್ನೂ ಮುಖವನ್ನೂ ನೋಡಿ ಹಿಂಜರಿದ. ಆಮೇಲೆ ಪಕ್ಕಕ್ಕೆ ಸರಿದ.

ಮೇಷ್ಟ್ರು ಅಷ್ಟು ಎತ್ತರದ ಆಳು, ಭಾರವೇ ಇರಲಿಲ್ಲ. ಏರಿ ಇಳಿದು ತಿರುವಿಗೆ ಬಂದಾಗ ಆ ಯುವಕ ಪಕ್ಕದಲ್ಲೇ ನಡೆಯುತ್ತ ಕೇಳಿದ.

"ಸಾಕು ಸಾಮಿ, ನಾ ತಗೊಳ್ಲಾ? ದೂರ ಇದೆ."

"ಇರಲಪ್ಪ," ಎಂದೆ. "ಬರ್ತೀನಿ."